ಎರಡು ಪಕ್ಷಗಳ ಮೈಕು

ನಾನು ಒಂದು ಧ್ವನಿವರ್ಧಕ. ತಗಡನ್ನು ಬಡಿದು, ಬಾಗಿಸಿ, ಅಗಲ ಬಾಯಿ ಕೊಟ್ಟು ನನ್ನನ್ನು ಮಾಡಿದರು. ಕರಾವಳಿಯ ಹಿನ್ನೀರಿನ ನಡುವೆ ಇರುವ ಕೆಂಬಳಿ ಕುದ್ರು ಎಂಬ ಪುಟ್ಟ ದ್ವೀಪಕ್ಕೆ ನನ್ನನ್ನು ದೋಣಿಯಲ್ಲಿ ತಂದವನು ಅಣ್ಣಪ್ಪ ಖಾರ್ವಿ. ಅಲ್ಲಿ ಅವನಿಗೊಂದು ಸೈಕಲ್ ಅಂಗಡಿಯಿತ್ತು. ಹೆಂಡತಿ ಗಿರಿಜೆ ಹಿನ್ನೀರಿನ ಕೆಸರಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಪೇಟೆಯಲ್ಲಿ ಮಾರುತ್ತಿದ್ದಳು. ನನ್ನನ್ನು ಎಲ್ಲರೂ ಮೈಕು ಎಂದೇ ಕರೆದರು.

ಆಗ ದ್ವೀಪ ಕೊಡೆ ಪಕ್ಷದ ಕೈಯಲ್ಲಿತ್ತು. ಪಂಚಾಯಿತಿ ಅಧ್ಯಕ್ಷ ವಿಠಪ್ಪನವರು. ಚುನಾವಣೆ ಬಂದಾಗಲೆಲ್ಲ ನಾನು ಬಾಡಿಗೆಗೆ ತೆಂಗಿನ ಮರವೇರಿ, ಸೇತುವೆ ಕಟ್ಟಿಸುವ ಅವರ ಮಾತನ್ನು ಕೂಗುತ್ತಿದ್ದೆ. ಚುನಾವಣೆ ಮುಗಿದ ಮೇಲೆ ಸೇತುವೆಯ ಸುದ್ದಿಯೇ ಇರುತ್ತಿರಲಿಲ್ಲ. ಕೊಡೆಯವರಲ್ಲದವರ ಕೇರಿಗೆ ನಲ್ಲಿಯೂ ಬರುತ್ತಿರಲಿಲ್ಲ.

ಆಮೇಲೆ ವಿಠಪ್ಪನವರ ಅಳಿಯ ಭೋಜರಾಜ ಮಾವನೊಂದಿಗೆ ಜಗಳವಾಡಿ ಹುಟ್ಟು ಪಕ್ಷ ಸೇರಿದ. ದೋಣಿಯ ಹುಟ್ಟೇ ಅದರ ಗುರುತು. ತಮ್ಮ ಕೇರಿಗೂ ಒಂದು ಪಕ್ಷ ಬಂತೆಂದು ಅಣ್ಣಪ್ಪ ಹಿಗ್ಗಿದ. ಊಟ ನಿದ್ದೆ ಬಿಟ್ಟು ನನ್ನೊಳಗೆ ಕೂಗಿದ. ಮತದಾನದ ಹಿಂದಿನ ದಿನ ಕೊಡೆಯವರು ದೊಣ್ಣೆ ತಂದು ಅವನ ಕಾಲು ಮುರಿದರು. ನನಗೂ ಒಂದೇಟು ಬಿದ್ದು ಅಂಚು ನಗ್ಗಿತು.

ಗಿರಿಜೆ ಅವನ ಕಾಲಿಗೆ ಎಣ್ಣೆ ಹಚ್ಚುತ್ತಾ ಹೇಳಿದಳು: "ಮಾವ ಅಳಿಯ ನಾಳೆ ಒಂದಾತ್ರ್. ನಿಮ್ ಕಾಲ್ ಮಾತ್ರ ಸಮ ಆತಿಲ್ಲೆ, ಕಾಣಿ."

"ಭೋಜರಾಜ ಹಾಂಗಿನವ್ರಲ್ಲ" ಎಂದು ಅಣ್ಣಪ್ಪ ಸಿಟ್ಟಾದ.

ಹುಟ್ಟು ಪಕ್ಷ ಗೆದ್ದಿತು. ನಲ್ಲಿಗಳು ನಮ್ಮ ಕೇರಿಗೆ ಬಂದವು, ಕೊಡೆಯವರ ಕೇರಿಯಲ್ಲಿ ಒಣಗಿದವು. ಅಷ್ಟೇ ಬದಲಾವಣೆ. ಅಣ್ಣಪ್ಪ ಕುಂಟುತ್ತಲೇ ಭೋಜರಾಜನ ಸಭೆಗಳಿಗೆಲ್ಲ ನನ್ನನ್ನು ಹೊತ್ತ. ಕೆಲವು ವರ್ಷಗಳಲ್ಲಿ ರಾಜಧಾನಿಯ ಗಾಳಿ ಕೊಡೆಯ ಕಡೆ ತಿರುಗಿತು. ಭೋಜರಾಜ ತನ್ನ ಸದಸ್ಯರನ್ನೆಲ್ಲ ಕರೆದುಕೊಂಡು ಕೊಡೆ ಪಕ್ಷಕ್ಕೆ ಮರಳುತ್ತಾನೆಂದು ಗೊತ್ತಾಯಿತು. ಆಚೆ ದಡದ ಮೈದಾನದಲ್ಲಿ ದೊಡ್ಡ ಸಭೆ. ಜನರನ್ನು ಸಾಗಿಸಲು ದ್ವೀಪದ ದೋಣಿಗಳನ್ನೆಲ್ಲ ಒಯ್ದರು. ಅಣ್ಣಪ್ಪ ಹೋಗಲಿಲ್ಲ, ಮನೆಯ ಜಗಲಿಯಲ್ಲೇ ಕುಳಿತ.

ಮಧ್ಯಾಹ್ನ ಗಿರಿಜೆ ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಸಿದಳು. ದಡದಲ್ಲಿ ಒಂದು ದೋಣಿಯೂ ಇರಲಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಫೋನಿತ್ತು, ಆದರೆ ಅದಕ್ಕೆ ಬೀಗ ಹಾಕಿ ಎಲ್ಲರೂ ಸಭೆಗೆ ಹೋಗಿದ್ದರು. ಅಣ್ಣಪ್ಪ ನನ್ನನ್ನೂ ಬ್ಯಾಟರಿಯನ್ನೂ ಎಳೆದುಕೊಂಡು ನೀರಿನಂಚಿಗೆ ಓಡಿದ. ಕುಂಟು ಕಾಲು ಎರಡು ಸಲ ಕೈಕೊಟ್ಟಿತು. ನನ್ನ ಬಾಯನ್ನು ಆಚೆ ದಡಕ್ಕೆ ತಿರುಗಿಸಿ ಕೂಗಿದ:

"ಹೋಯ್, ಕೇಣ್ತಾ? ಗಿರ್ಜಿಗ್ ಎದಿ ನೋವ್! ಒಂದ್ ದೋಣಿ ಕಳ್ಸಿ! ಒಂದೇ ದೋಣಿ!"

ನನ್ನ ಜೀವಮಾನದಲ್ಲಿ ನಾನು ಅಷ್ಟು ಜೋರಾಗಿ ಕೂಗಿದ್ದೇ ಇಲ್ಲ. ಆಚೆಯಿಂದ ಚಪ್ಪಾಳೆ ಕೇಳಿಸಿತು, ಜೈಕಾರ ಕೇಳಿಸಿತು. ಅಣ್ಣಪ್ಪನ ಗಂಟಲು ಒಡೆಯಿತು. ಬ್ಯಾಟರಿ ಸತ್ತಿತು. ದೋಣಿಗಳು ಬಂದಾಗ ಹೊತ್ತು ಮುಳುಗಿತ್ತು, ಗಿರಿಜೆಯ ಮೈ ತಣ್ಣಗಾಗಿತ್ತು.

ಮೂರನೆಯ ದಿನ ಭೋಜರಾಜ ಮನೆಗೆ ಬಂದ. ಜೊತೆಯಲ್ಲಿ ವಿಠಪ್ಪನವರಿದ್ದರು. ಅಣ್ಣಪ್ಪನ ಕಾಲು ಮುರಿದವರೂ ಕೈಕಟ್ಟಿ ನಿಂತಿದ್ದರು.

"ಒಂದ್ ಸಂತಾಪ ಸಭೆ ಮಾಡ್ವ, ಅಣ್ಣಪ್ಪ. ಮೈಕ್ ನಿಂದೇ ಇರ್ಲಿ" ಎಂದ ಭೋಜರಾಜ.

ಅಣ್ಣಪ್ಪ ತಲೆ ಎತ್ತಲಿಲ್ಲ. "ಆವತ್ ನಾ ಕೂಗಿದ್ ನಿಮ್ಗೆ ಕೇಣ್ಲಿಲ್ಯಾ?"

"ಕೇಣ್ತ್ ಮಾರಾಯಾ. ಮಾತ್ ಸಮ ತಿಳಿಲಿಲ್ಲ. ಯಾರೋ ನಮ್ ಸಭಿ ಕೆಡ್ಸುಕೆ ಕೂಗ್ತಿದ್ರ್ ಅಂದ್ಕಂಡೆ."

ಅಣ್ಣಪ್ಪ ಎದ್ದು ಒಳಗೆ ಬಂದು ನನ್ನ ವಯರುಗಳನ್ನು ಕಿತ್ತ. ಸಂತಾಪ ಸಭೆ ಪೇಟೆಯ ಮೈಕಿನಲ್ಲಿ ನಡೆಯಿತು. ಅವನು ಅದಕ್ಕೂ ಹೋಗಲಿಲ್ಲ. ಮರುವಾರ ನನ್ನನ್ನು ಆಚೆ ದಡದ ಗುಜರಿಗೆ ಕೊಟ್ಟು, ಹಿಂತಿರುಗಿ ನೋಡದೆ ದೋಣಿ ಹತ್ತಿದ.

ಈಗ ಗುಜರಿಯವನ ತಾಯಿ ನನ್ನನ್ನು ಬೋರಲು ಹಾಕಿ, ರಾತ್ರಿ ಕೋಳಿಮರಿಗಳನ್ನು ನನ್ನಡಿ ಮುಚ್ಚಿಡುತ್ತಾಳೆ. ಬಾಯಿಗೆ ಮಣ್ಣು ಮೆತ್ತಿದೆ. ಕೆಂಬಳಿಯನ್ನು ಈಗ ಯಾವ ಪಕ್ಷ ಆಳುತ್ತಿದೆಯೋ ನನಗೆ ಗೊತ್ತಿಲ್ಲ, ಕೇಳುವ ಆಸೆಯೂ ಇಲ್ಲ. ಅಂದು ನನ್ನ ಕೂಗು ನೀರು ದಾಟಿತ್ತು. ಆದರೆ ಅಷ್ಟು ವರ್ಷ ಅವರು ನನ್ನಿಂದ ಪಕ್ಷದ ಮಾತನ್ನೇ ಆಡಿಸಿದ್ದರು. ಆ ದನಿಯಲ್ಲಿ ಒಬ್ಬ ಗಂಡ ಹೆಂಡತಿಗಾಗಿ ಅಳುತ್ತಿರಬಹುದೆಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.