ಜ್ವರವಿಲ್ಲದ ನಡುಕ

ಹದಿನೈದು ದಿನಕ್ಕೊಮ್ಮೆ ಮನೆಗೇ ಹೋಗಿ ಗಡಿಯಾರ ರಿಪೇರಿಯ ಮುದುಕರಿಗೆ ಕ್ಷೌರ ಮಾಡಿ ಬರುವುದು ಬೀದಿಯ ಕ್ಷೌರಿಕನ ರೂಢಿ. ಅವರಿಗೆ ವಯಸ್ಸು ಎಂಬತ್ತೊಂದು, ಬಾಯಿಗೆ ಮಾತ್ರ ಮೂವತ್ತು. ಕತ್ತರಿ ಹತ್ತಿರ ಬಂದರೆ ಸಾಕು, "ಲೋ, ಅದು ಕಿವಿ ಕಣೋ, ಹುಲ್ಲಲ್ಲ!" ಎಂದು ಗದರುತ್ತಿದ್ದರು.

ಅಂದು ಬೆಳಿಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಕೆನ್ನೆಗೆ ನೊರೆ ಹಚ್ಚುವಾಗ ಗದ್ದ ನಡುಗುತ್ತಿತ್ತು. ಕ್ಷೌರಿಕ ಹಣೆ ಮುಟ್ಟಿದ, ಸುಡುತ್ತಿರಲಿಲ್ಲ. ಕೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಉಸಿರು ಓಡಿ ಬಂದವರ ಹಾಗೆ.

"ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ."

ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ನಿನ್ನೆಯಿಂದ ಮಂಕಾಗಿದಾರೆ. ವಯಸ್ಸಾಯ್ತಲ್ಲ. ಜ್ವರ ನೋಡ್ದೆ, ಇಲ್ಲ."

"ಯಜಮಾನ್ರೇ, ಇವ್ರು ಯಾರು?" ಎಂದು ಕ್ಷೌರಿಕ ಕೇಳಿದ.

ಮುದುಕರು ಮಗಳನ್ನು ದಿಟ್ಟಿಸಿದರು. "ನಮ್ಮಕ್ಕ ಅಲ್ವಾ? ಅಂಗಡಿ ಬಾಗಿಲು ತೆಗೀಬೇಕು."

ಮುದುಕರ ಅಕ್ಕ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಮಗಳು ಗೋಡೆಯ ಗಡಿಯಾರ ನೋಡಿದಳು. "ಸಂಜೆ ತಮ್ಮ ಬರ್ತಾನೆ, ಆಗ ಡಾಕ್ಟರಿಗೆ..."

"ಸಂಜೆವರೆಗೆ ಬೇಡ ಅಕ್ಕಾ. ಹದಿನೆಂಟು ವರ್ಷದಿಂದ ಈ ಮುಖ ನೋಡ್ತಿದೀನಿ. ಇದು ವಯಸ್ಸಲ್ಲ."

ನೊರೆ ಒರೆಸಿ, ಅರ್ಧ ಕ್ಷೌರದಲ್ಲೇ ಅವರನ್ನು ಟ್ಯಾಕ್ಸಿಗೆ ಎತ್ತಿ ಕೂರಿಸಿದ.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. "ಮೂತ್ರದ ಸೋಂಕು ರಕ್ತಕ್ಕೆ ಸೇರಿದ ಹಾಗಿದೆ," ಎಂದರು ಡಾಕ್ಟರಮ್ಮ. "ವಯಸ್ಸಾದವ್ರಿಗೆ ಕೆಲವು ಸಲ ಜ್ವರಾನೇ ಬರಲ್ಲ, ಮಂಕಾಗಿ ಗುರುತು ತಪ್ಪುತ್ತೆ ಅಷ್ಟೆ. ರಕ್ತ ಪರೀಕ್ಷೆಗೆ ಕಳ್ಸಿ, ಔಷಧಿ ಶುರು ಮಾಡಿದೀವಿ."

"ಉಳೀತಾರಾ?"

"ಈಗ್ಲೇ ಹೇಳೋಕಾಗಲ್ಲಮ್ಮ."

ಮಗಳು ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮೂರು ದಿನದ ಹಿಂದೆ ಅಪ್ಪ "ಒಂದಕ್ಕೆ ಹೋದ್ರೆ ಉರಿ ಕಣೇ" ಎಂದಾಗ, "ನೀರು ಕುಡೀರಿ" ಎಂದು ಬಟ್ಟೆ ಒಣಹಾಕಲು ಹೋಗಿದ್ದಳು. ಅದೇ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಕ್ಷೌರಿಕ ತನ್ನ ಕತ್ತರಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಬರುತ್ತಿದ್ದುದು ಬೇರೆಯವರ ಸುದ್ದಿ.

ನಾಲ್ಕನೆಯ ದಿನ ಮುದುಕರು ಮಗಳ ಗುರುತು ಹಿಡಿದರು. ಹನ್ನೆರಡನೆಯ ದಿನ ಮನೆಗೆ ಬಂದರು. ಕಾಲಲ್ಲಿ ಮೊದಲಿನ ಕಸುವಿಲ್ಲ. ಗಡಿಯಾರದ ಸಣ್ಣ ಸ್ಕ್ರೂ ಬೆರಳಿಗೆ ನಿಲ್ಲುವುದಿಲ್ಲ.

ಮಗಳಿಗೆ ಮಾತ್ರ ಇನ್ನೂ ನೆಮ್ಮದಿಯಿಲ್ಲ. ಅಪ್ಪ ಮಲಗಿದ್ದರೆ ಬಗ್ಗಿ ಉಸಿರು ಎಣಿಸುತ್ತಾಳೆ.

"ನನ್ನ ಮೂಗಿನ ಕೆಳಗೆ ಏನು ಹುಡುಕ್ತೀಯೇ? ಮೀಸೆ ಇಲ್ಲೇ ಇದೆ," ಎನ್ನುತ್ತಾರೆ ಅವರು, ಕಣ್ಣು ಮುಚ್ಚಿಕೊಂಡೇ.

"ಏನಿಲ್ಲಪ್ಪ," ಎಂದು ಒಳಗೆ ಹೋದವಳು, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಮತ್ತೆ ಬಾಗಿಲಲ್ಲಿ ನಿಂತಿರುತ್ತಾಳೆ.