ಬೀರು ಅಲುಗಬಾರದು

“ಬೀರು ಮುಟ್ಟಬೇಡಪ್ಪಾ!”

ಬೀರುವಿನ ಮೂಲೆಗೆ ಹೆಗಲು ಕೊಟ್ಟಿದ್ದ ಮೈದುನ ಹಾಗೇ ನಿಂತ. “ಅತ್ತಿಗೆ, ಇದನ್ನ ಒಂದು ಗೇಣು ಸರಿಸದಿದ್ರೆ ಅಣ್ಣನ್ನ ಹೊರಗೆ ತರೋದು ಹೇಗೆ? ಬಾಗಿಲಲ್ಲಿ ತಿರುಗೋಕೇ ಜಾಗ ಇಲ್ಲ.”

“ಕಿಟಕಿ ಕಿತ್ತು ತನ್ನಿ. ಬೀರು ಅಲುಗಬಾರದು.”

ಸಾವಿಗೆ ಬಂದವರು ಮುಖ ಮುಖ ನೋಡಿಕೊಂಡರು. “ಒಡವೆ ಇಟ್ಟಿರಬೇಕು,” ಎಂದಿತು ಒಂದು ಬಾಯಿ. ಒಡವೆಯಂತೆ, ಒಡವೆ! ಅದರೊಳಗೆ ಇದ್ದದ್ದು ಎರಡು ಹಳೆಯ ಕಂಬಳಿ, ಅವುಗಳ ನಡುವೆ ಹತ್ತಿಯಲ್ಲಿ ಕೂರಿಸಿದ ಹೆಬ್ಬೆರಳು ಗಾತ್ರದ ಗಾಜಿನ ಸೀಸೆ. ಇವತ್ತಿಗೆ ಮೂವತ್ತೇಳು ದಿನ. ಗಂಡ ಹೇಳಿದ್ದು ನಲವತ್ತು.

*

ಅವನು ಪ್ರಯೋಗಾಲಯದ ಸಹಾಯಕ. ಬೆರೆಸುವುದು, ಬಿಸಿಮಾಡುವುದು, ಕಾಯುವುದು ಅವನ ಕೆಲಸ. ಒಳಗೆಲ್ಲ ಜೇನುಗೂಡಿನ ಹಾಗೆ, ಕಣ್ಣಿಗೆ ಕಾಣದ ತೂತುಗಳಿರುವ ಹರಳು ಬೆಳೆಸಬೇಕಿತ್ತು. ಹನ್ನೆರಡು ವರ್ಷ ಬಂದದ್ದು ಬರೀ ಹಿಟ್ಟು.

“ಗಿರಣಿಯವನನ್ನ ಕಟ್ಟಿಕೊಂಡಿದ್ರೆ ಹಿಟ್ಟಾದರೂ ಅಡುಗೆಗೆ ಬರ್ತಿತ್ತು,” ಎಂದು ಅವಳು ಛೇಡಿಸುತ್ತಿದ್ದಳು.

“ಅವಸರದಲ್ಲಿ ಕಣಗಳು ಹೇಗೆ ಹೇಗೋ ಅಂಟಿಕೊಂಡುಬಿಡ್ತವೆ ಕಣೇ. ತಪ್ಪಾಗಿ ಅಂಟಿದ್ದು ಬಿಟ್ಟು, ಮತ್ತೆ ಸರಿಯಾಗಿ ಕೂರೋಕೆ ಪುರಸೊತ್ತು ಕೊಡಬೇಕು. ಲ್ಯಾಬಲ್ಲಿ ಪಂಪು, ಲಿಫ್ಟು, ಎಲ್ಲ ಗಡಗಡ. ಸೀಸೆ ನಮ್ಮನೇಲಿ ಇಡ್ತೀನಿ, ಲ್ಯಾಬಿನ ಮೇಡಮ್ ಒಪ್ಪಿದ್ದಾರೆ.”

ಅಂದಿನಿಂದ ಅವಳು ಮಿಕ್ಸಿ ಹಾಕಲಿಲ್ಲ, ಬಾಗಿಲು ದಡಾರನೆ ಮುಚ್ಚಲಿಲ್ಲ. ನಿನ್ನೆ ಬೆಳಗ್ಗೆ ಎಬ್ಬಿಸಲು ಹೋದರೆ ಗಂಡನ ಮೈ ತಣ್ಣಗಿತ್ತು. ಬೀರು ಅಲುಗೀತೆಂದು ಬಾಯಿಗೆ ಸೆರಗು ತುರುಕಿಕೊಂಡು ಚೀರಾಟವನ್ನು ನುಂಗಿದಳು.

*

ಸುದ್ದಿ ತಿಳಿದು ಓಡಿಬಂದ ಮೇಡಮ್ ಅವಳ ಕೈ ಹಿಡಿದರು. “ಸರಿಸಲಿ ಬಿಡಿಯಮ್ಮ. ಇನ್ನೊಂದು ಬೆಳೆಸೋಣ.”

“ಬೆಳೆಸೋಕೆ ಅವರೆಲ್ಲಿದ್ದಾರೆ?”

ಮೇಡಮ್ ಬೀರುವಿನ ಹತ್ತಿರ ಹೋದರು. ಚಪ್ಪಲಿ ಕಳಚಿ, ಬೀರುವಿನ ಬಾಗಿಲನ್ನು ಮೆಲ್ಲಗೆ ತೆರೆದು, ಸೀಸೆಯನ್ನು ಮುಟ್ಟದೆ ಮೊಬೈಲ್ ಬೆಳಕು ಹಿಡಿದರು. ಬಹಳ ಹೊತ್ತು ನೋಡಿದರು.

“ಹಿಟ್ಟಾ?” ಅವಳು ಪಿಸುಗುಟ್ಟಿದಳು.

“ಹಿಟ್ಟಲ್ಲಮ್ಮ. ಹರಳು! ರವೆಯಷ್ಟು ದಪ್ಪ ಇದೆ. ಅಂಚು ಕೂಡ ಕಾಣ್ತಿದೆ.”

“ಇನ್ನೂ ಮೂರು ದಿನ ಇದೆಯಲ್ಲ?”

“ಸಾಕು. ಬೆಳೆದಾಯ್ತು.”

“ಈಗ ಅಲುಗಿದ್ರೆ?”

“ಏನೂ ಆಗಲ್ಲ.”

“ನಿಜವಾಗ್ಲೂ?”

“ನಿಮ್ಮಾಣೆ.”

ಅವಳು ಗಂಡನ ಮುಖದ ಕಡೆ ತಿರುಗಿದಳು. “ಕೇಳಿಸ್ತಾ ನಿಮಗೆ?” ಎಂದಳು. ಮರುಕ್ಷಣ ಬೀರುವಿಗೆ ಹಣೆ ಕೊಟ್ಟು, ಎರಡು ದಿನ ತಡೆದಿದ್ದ ಅಳುವನ್ನೆಲ್ಲ ಹರಿಬಿಟ್ಟು ಬೋರೆಂದು ಅತ್ತಳು. ತಗಡಿನ ಬೀರು ಗಡಗಡ ನಡುಗಿತು. ಮೇಡಮ್ ಹಿಡಿದಿದ್ದ ಬೆಳಕಿನಲ್ಲಿ ಹರಳುಗಳು ಸೀಸೆಯ ತಳದಿಂದೆದ್ದು, ಮಿನುಗಿ, ಮೆಲ್ಲಗೆ ಮತ್ತೆ ಕೆಳಗಿಳಿದು ಕುಳಿತವು.