ಕ್ವೀನಿಯ ಸಿಕ್ಕು

ನನಗೆ ಬೇಕಾಗಿದ್ದು ಒಂದು ಮನೆ. ಅತ್ತೆ ಇಲ್ಲದ ಮನೆ. ಇದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ತುಮಕೂರಿನ ಚಿಕ್ಕಪೇಟೆಯಲ್ಲಿ ನಾವಿದ್ದದ್ದು ವಠಾರದ ಮನೆ. ಒಂದು ನಡುಮನೆ, ಒಂದು ಅಡಿಗೆಮನೆ, ಹಿಂದೆ ಎಲ್ಲರಿಗೂ ಸೇರಿದ ಹಿತ್ತಲು. ಅಡಿಗೆಮನೆಯೊಳಗೆ ನಮ್ಮತ್ತೆ ಅಲಮೇಲಮ್ಮನವರದೇ ದರ್ಬಾರು. ಅವರ ಮಡಿ ಅಂದರೆ ಇಡೀ ವಠಾರವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ನಾನು ಒಗ್ಗರಣೆ ಹಾಕಿದಾಗ ಸಾಸಿವೆ ಸಿಡಿಯದಿದ್ದರೆ ಹಸಿ ಅನ್ನುವರು, ಸಿಡಿದರೆ ಸೀದುಹೋಯಿತು ಅನ್ನುವರು. ನಮ್ಮೆಜಮಾನರು ಕಚೇರಿಯಲ್ಲಿ ಗುಮಾಸ್ತರು. ಅವರ ಹೆಸರು ಹೇಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಾಯಿಯ ಎದುರಿಗಂತೂ ಬಾಯಿ ಸತ್ತವರು. ಅತ್ತೆ ಗದರಿದರೆ ಪೇಪರಿನ ಹಿಂದೆ ಹೋಗಿ ಕೂರುತ್ತಿದ್ದರು.

ಆಗ ಊರಾಚೆ ಹೊಸ ಬಡಾವಣೆಯಲ್ಲಿ ಒಂದು ಮನೆ ಖಾಲಿಯಿದೆ ಎಂದು ಗೊತ್ತಾಯಿತು. ಮಾಲೀಕರು ವೆಂಕಟೇಶಯ್ಯ ಅಂತ, ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡಿ ರಿಟೈರಾದವರು, ಅಲ್ಲೇ ವಾಸ. ಮಿಕ್ಕ ಮಾಲೀಕರು ಗೋತ್ರ ಯಾವುದು, ಮಕ್ಕಳೆಷ್ಟು ಎಂದು ಕೇಳಿದರೆ, ಈ ಮಹಾನುಭಾವರು ನಾಯಿ ಕಂಡರೆ ನಿಮಗೆ ಹೇಗೆ ಎಂದು ಕೇಳಿದರು. ಮಕ್ಕಳಿಲ್ಲದ ದಂಪತಿ. ವರ್ಷಕ್ಕೊಮ್ಮೆ ಯಾತ್ರೆ ಹೊರಡುವವರು. ಆಗ ತಮ್ಮ ನಾಯಿಯನ್ನು ನೋಡಿಕೊಳ್ಳುವವರಿಗೇ ಮನೆ ಕೊಡುವುದೆಂದು ಹಟ ಹಿಡಿದಿದ್ದರು. ನಾಯಿ ಅಂದರೆ ನನಗೆ ಪ್ರಾಣ ಎಂದೆ. ನಮ್ಮೆಜಮಾನರು ನನ್ನ ಮುಖವನ್ನೇ ನೋಡಿದರು. ನಾಯಿ ಕಂಡರೆ ನಾನು ಬೀದಿಯ ಆಚೆ ಬದಿಗೆ ಹೋಗುವವಳು.

ಪರೀಕ್ಷೆ ಆಗಲೇ ಶುರುವಾಯಿತು. ಅವರು ಕಾಶಿಗೆ ಹೋಗಿಬರುವತನಕ ನಾಯಿ ನಮ್ಮಲ್ಲಿ. ಕೊಟ್ಟ ಹಾಗೇ ವಾಪಸ್ಸು ಕೊಟ್ಟರೆ ಅವತ್ತೇ ಕೀಲಿಕೈ. ನನ್ನ ಲೆಕ್ಕಾಚಾರ ನೆಟ್ಟಗಿತ್ತು: ಆ ಮನೆಯಲ್ಲಿ ಇರುವುದು ಒಂದೇ ರೂಮು, ಮೂರು ಜನಕ್ಕೆ ಇಕ್ಕಟ್ಟು ಎಂದು ಹೇಳಿ ಅತ್ತೆಯನ್ನು ಗುಬ್ಬಿಯ ಭಾವನವರ ಮನೆಗೆ ಕಳಿಸುವುದು. ಅತ್ತೆಗೂ ಇದರ ವಾಸನೆ ಬಡಿದಿತ್ತು.

ನಾಯಿಯ ಹೆಸರು ಕ್ವೀನಿ. ಫಾರಂನಲ್ಲಿದ್ದ ಯಾರೋ ದೊರೆ ಊರಿಗೆ ಹೋಗುವಾಗ ಬಿಟ್ಟುಹೋದ ತಳಿಯಂತೆ. ಕಿವಿಯಿಂದ ಬಾಲದವರೆಗೆ ಕಪ್ಪು ಗುಂಗುರು ಕೂದಲು, ಒಳಗೆ ನಾಯಿ ಎಲ್ಲಿದೆ ಎಂದು ಹುಡುಕಬೇಕು. ಹೆಬ್ಬೂರಿನಿಂದ ಮೊಸರು ತರುತ್ತಿದ್ದ ಪುಟ್ಟಗಂಗಮ್ಮ ಅದನ್ನು ನೋಡಿ, ಈ ಕುರಿಯ ಉಣ್ಣೆ ಯಾವಾಗ ಕತ್ತರಿಸ್ತೀರಿ, ನನಗೊಂದು ಕಂಬಳಿಗೆ ಆಗುತ್ತಾ ಎಂದು ಕೇಳಿದಳು. ವಠಾರವೆಲ್ಲ ನಕ್ಕಿತು. ಅತ್ತೆ ಮಾತ್ರ ಹಿತ್ತಲಿನ ಬಾಗಿಲಿಗೆ ಅಡ್ಡ ನಿಂತು, ಇದು ಹೊಸಿಲು ದಾಟಿ ಒಳಗೆ ಕಾಲಿಟ್ಟರೆ ನಾನು ಹೊರಗೆ ಕಾಲಿಡುತ್ತೇನೆ ಎಂದರು. ಅಷ್ಟು ಸುಲಭವಾಗಿ ಆಗುವುದಾದರೆ ನಾಯಿಯನ್ನು ನಾನೇ ಎತ್ತಿಕೊಂಡು ಹೋಗಿ ದೇವರ ಮುಂದೆ ಕೂರಿಸುತ್ತಿದ್ದೆ.

ವೆಂಕಟೇಶಯ್ಯನವರು ತಂತಿಹಲ್ಲಿನ ಒಂದು ಬ್ರಷ್ಷು ಕೊಟ್ಟು, ದಿನಾ ಬಾಚಬೇಕು, ಬುಡದವರೆಗೆ ಬಾಚಬೇಕು ಎಂದು ಹೇಳಿದ್ದರು. ದಿನಾ ಅನ್ನುವುದು ನನ್ನ ಕಿವಿಗೆ ಬಿತ್ತು. ಬುಡದವರೆಗೆ ಅನ್ನುವುದು ಗಾಳಿಗೆ ಹೋಯಿತು. ಒಂದು ಮಾರು ದೂರ ಕೂತು, ಕೈ ಚಾಚಿ, ಮೇಲೆಮೇಲೆ ಸವರುತ್ತಿದ್ದೆ. ಕೂದಲು ಅರಳಿಕೊಂಡು ನಿಲ್ಲುತ್ತಿತ್ತು. ನೋಡುವುದಕ್ಕೆ ಲಕ್ಷಣವಾಗಿತ್ತು. ಬಾಚುವುದೆಂದರೆ ಇಷ್ಟೇನಾ ಎಂದು ನನಗೆ ಜಂಬ ಬೇರೆ. ಮನಸ್ಸಿನಲ್ಲೇ ಹೊಸ ಮನೆಯ ಕಿಟಕಿಗೆ ಪರದೆ ಕಟ್ಟಿ ಮುಗಿಸಿದ್ದೆ.

ಒಂದು ದಿನ ಅದು ತಾನಾಗಿ ಬಂದು ನನ್ನ ಮಡಿಲಲ್ಲಿ ತಲೆ ಇಟ್ಟಿತು. ಹೆದರಿಕೆಯಲ್ಲೇ ಕಿವಿಯ ಹಿಂದೆ ಕೈ ಹಾಕಿದೆ. ಬೆರಳು ಒಳಗೇ ಹೋಗಲಿಲ್ಲ. ಮೇಲೆ ಅರಳಿದ್ದ ಕೂದಲಿನ ಕೆಳಗೆ, ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಎಲ್ಲ ಗಂಟು. ಅಯ್ಯೋ ನನ್ನ ಕರ್ಮವೇ ಎಂದುಕೊಂಡೆ.

ನಮ್ಮಲ್ಲಿ ಕೂದಲಿಗೆ ಏನೇ ಆಗಲಿ, ಮದ್ದು ಒಂದೇ. ಎಣ್ಣೆನೀರು. ಅತ್ತೆ ಜಪಕ್ಕೆ ಕೂತ ಸಮಯ ನೋಡಿಕೊಂಡು ಕ್ವೀನಿಯನ್ನು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ, ನೆತ್ತಿಯಿಂದ ಬಾಲದವರೆಗೆ ಹರಳೆಣ್ಣೆ ಸುರಿದೆ. ಹಂಡೆಯಿಂದ ಸುಡುನೀರು ತಂದು, ಸೀಗೆಪುಡಿ ಹಾಕಿ, ನನ್ನ ತಾಯಿ ನನಗೆ ತಿಕ್ಕುತ್ತಿದ್ದ ಹಾಗೆ ಎರಡೂ ಕೈಯಲ್ಲಿ ಗಸಗಸ ತಿಕ್ಕಿದೆ. ಅದು ಪಾಪ ಸಹಿಸಿಕೊಂಡು ನಿಂತಿತ್ತು. ನಿಂತೂ ನಿಂತೂ ಒಮ್ಮೆ ಮೈ ಕೊಡವಿತು. ಎಣ್ಣೆ, ಸೀಗೆ, ನೀರು, ಎಲ್ಲ ಹಾರಿ ಗಳುವಿನ ಮೇಲೆ ಒಣಗಿದ್ದ ಅತ್ತೆಯ ಮಡಿಸೀರೆಯ ಮೇಲೆ ಕೂತಿತು. ಅವತ್ತು ಅತ್ತೆಗೆ ಅಡಿಗೆ ಮಾಡುವುದಕ್ಕೆ ಮಡಿಯಿಲ್ಲ, ನಮಗೆ ಊಟವಿಲ್ಲ. ಅವರು ಹಸಿದುಕೊಂಡೇ ಸಾಯಂಕಾಲದವರೆಗೂ ನನ್ನನ್ನು ಬೈದರು. ನಾನು ಯಜಮಾನರ ಹಳೇ ಪಂಚೆಯಲ್ಲಿ ನಾಯಿಯನ್ನು ಜೋರಾಗಿ ಒರೆಸುತ್ತಾ ಕೇಳಿಸಿಕೊಂಡೆ.

ಒಣಗಿದ ಮೇಲೆ ನೋಡಿದರೆ ಪುಟ್ಟಗಂಗಮ್ಮನ ಕಂಬಳಿ ಸಿದ್ಧವಾಗಿತ್ತು. ಮೊದಲು ಗಂಟು ಗಂಟಾಗಿದ್ದದ್ದು ಈಗ ಒಂದಕ್ಕೊಂದು ಅಂಟಿ ಹಲಗೆಯಾಗಿತ್ತು. ಬ್ರಷ್ಷು ಹಾಕಿದರೆ ಕ್ವೀನಿ ಕುಂಯ್ ಅಂದು ಓಡಿಹೋಗುತ್ತಿತ್ತು. ಅಷ್ಟರಲ್ಲಿ ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಬಂತು: ವೆಂಕಟೇಶಯ್ಯನವರು ಕಾಶಿಯಿಂದ ಬಂದಿದ್ದಾರೆ, ನಾಳೆ ಸಾಯಂಕಾಲ ತುಮಕೂರಿಗೆ ಬಂದು ನಾಯಿ ಕರೆದುಕೊಂಡು ಹೋಗುತ್ತಾರೆ.

ನನ್ನ ಮನೆ ಕೈಬಿಟ್ಟು ಹೋಗುವುದು ಕಣ್ಣಿಗೆ ಕಾಣಿಸಿತು. ಕಿಟಕಿಯ ಪರದೆಗಳನ್ನು ಒಂದೊಂದಾಗಿ ಬಿಚ್ಚಿದೆ.

ಮರುದಿನ ಬೆಳಗ್ಗೆ ಕದರಯ್ಯ ಬಂದ. ಅವನು ತಿಂಗಳಿಗೊಮ್ಮೆ ಹಿತ್ತಲ ಬಾಗಿಲಿಗೆ ಬಂದು ಅತ್ತೆಯ ತಲೆ ಬೋಳಿಸಿ ಹೋಗುವವನು. ಮಾವನವರು ತೀರಿಕೊಂಡಾಗ ಅತ್ತೆಗೆ ಇನ್ನೂ ಚಿಕ್ಕ ವಯಸ್ಸು, ನಮ್ಮೆಜಮಾನರು ತೊಟ್ಟಿಲ ಕೂಸು. ಅಂದಿನಿಂದ ಕೆಂಪು ಸೀರೆ, ಬೋಳುತಲೆ. ಬೇರೆ ಮನೆಗಳಲ್ಲಿ ಆ ಪದ್ಧತಿ ಬಿಟ್ಟುಹೋಗುತ್ತಿತ್ತು, ನಮ್ಮತ್ತೆ ಬಿಟ್ಟಿರಲಿಲ್ಲ. ಕದರಯ್ಯ ಬರುವುದು, ಅತ್ತೆ ತಲೆಬಗ್ಗಿಸಿ ಕೂರುವುದು, ಇದು ನನಗೆ ಸೂರ್ಯ ಹುಟ್ಟಿದಷ್ಟೇ ಸಾಮಾನ್ಯ. ಒಂದು ದಿನವೂ ನಿಂತು ನೋಡಿದವಳಲ್ಲ.

ಅವತ್ತು ನೋಡಿದ್ದು ಅವನ ಕತ್ತಿಯನ್ನು. ಅತ್ತೆ ಎದ್ದು ಸ್ನಾನಕ್ಕೆ ಹೋದ ತಕ್ಷಣ ನಾನು ಅವನನ್ನು ಕರೆದು ಕ್ವೀನಿಯನ್ನು ತೋರಿಸಿದೆ. ಚರ್ಮದಲ್ಲಿ ಹುಣ್ಣಾಗಿತ್ತು, ಡಾಕ್ಟರು ಬೋಳಿಸಿ ಅಂದರು ಎಂದು ವೆಂಕಟೇಶಯ್ಯನವರಿಗೆ ಹೇಳುವ ಸುಳ್ಳನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಕದರಯ್ಯ ಕೂದಲಿಗೆ ಕೈ ಹಾಕಿ ನೋಡಿ ತಲೆಯಾಡಿಸಿದ.

“ಕತ್ರಿ ಆಡಕಿಲ್ಲ ಅಮ್ಮೋರೆ. ಕತ್ತೀಲೇ ಬುಡದಿಂದ ತಗೀಬೇಕು.”

ತೆಗಿ ಎಂದೆ. ಅವನು ಕ್ವೀನಿಯ ನೆತ್ತಿಗೆ ನೀರು ತಟ್ಟಿ, ಕತ್ತಿಯನ್ನು ಅಂಗೈಗೆ ಎರಡು ಸಲ ಉಜ್ಜಿಕೊಂಡ. ನಾಯಿ ತಲೆಬಗ್ಗಿಸಿ ಕೂತಿತ್ತು.

“ನಿಲ್ಸು ಕದರಯ್ಯ.”

ಒದ್ದೆ ಸೀರೆಯಲ್ಲಿ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ತಲೆಯ ಮೇಲಿನ ಸೆರಗು ಜಾರಿತ್ತು, ಆಗತಾನೇ ಬೋಳಿಸಿದ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿ ಕೇಳಿದರು, ದನಿ ಏರಿಸಲೂ ಇಲ್ಲ.

“ಅದರ ತಲೆ ಯಾಕೆ ಬೋಳಿಸ್ತೀಯೇ? ಅದಕ್ಕೇನು ಗಂಡ ಸತ್ತಿದಾನಾ?”

ಕದರಯ್ಯ ಕತ್ತಿ ಮಡಿಸಿ, ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ. ನನ್ನ ಬಾಯಿ ಆ ವಠಾರದಲ್ಲಿ ಪ್ರಸಿದ್ಧವಾದ ಬಾಯಿ. ಅವತ್ತು ಅದಕ್ಕೆ ಸೆರಗು ಒತ್ತಿ ಹಿಡಿದು, ಕ್ವೀನಿಯ ನೆತ್ತಿಯ ನೀರು ಒರೆಸಿದೆ. ನಾಚಿಕೆಯಾಯಿತು, ಅಳುವೂ ಬಂತು.

ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿ, ತಮ್ಮ ಟ್ರಂಕು ತೆರೆದು, ಅಗಲ ಹಲ್ಲಿನ ಮರದ ಬಾಚಣಿಗೆಯೊಂದನ್ನು ತಂದರು. ಹೊಳೆಯುವಷ್ಟು ಸವೆದ ಬಾಚಣಿಗೆ. ತಲೆಯಲ್ಲಿ ಕೂದಲೇ ಇಲ್ಲದವರ ಟ್ರಂಕಿನಲ್ಲಿ ಅದು ಅಷ್ಟು ವರ್ಷ ಏನು ಮಾಡುತ್ತಿತ್ತು ಎಂದು ನಾನು ಕೇಳಲಿಲ್ಲ. ಬಿಸಿಲಲ್ಲಿ ಕೂತು, ಕ್ವೀನಿಯನ್ನು ಎಳೆದು ತಮ್ಮ ಮಡಿಲಿಗೇ ಹಾಕಿಕೊಂಡರು. ಮಡಿ ಹೋಯಿತು. ನಾಯಿಗೆ ಏನು ಅರ್ಥವಾಯಿತೋ, ಮಿಸುಕದೆ ಮಲಗಿತು.

ಆಮೇಲೆ ನನಗೆ ಪಾಠ. ಮೊದಲು ಕಡಲೆಹಿಟ್ಟು ಉದುರಿಸಿ ಎಣ್ಣೆಯ ಜಿಡ್ಡು ಹೀರಿಸಿ, ಕೊಡವಿ, ಒಣಗಲು ಬಿಡಬೇಕಂತೆ. ಒದ್ದೆ ಸಿಕ್ಕನ್ನು ಉಜ್ಜಿದರೆ ಬಿಗಿಯುತ್ತದಂತೆ. ಗಂಟನ್ನು ಬಾಚಣಿಗೆಯಿಂದಲ್ಲ, ಬೆರಳಿಂದ ಎರಡಾಗಿ, ನಾಲ್ಕಾಗಿ ಬಿಡಿಸಬೇಕು. ಎಡಗೈಯಲ್ಲಿ ಕೂದಲ ಬುಡವನ್ನು ಒತ್ತಿ ಹಿಡಿದರೆ ಚರ್ಮ ಎಳೆಯುವುದಿಲ್ಲ. ತುದಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಬುಡದ ಕಡೆಗೆ ಬರಬೇಕು. ಮೇಲಿನ ಪದರವನ್ನು ಎತ್ತಿ ಹಿಡಿದು ಕೆಳಗಿನದನ್ನು ಮೊದಲು ಬಾಚಬೇಕು. ನಾನು ಅವರ ಎದುರಿಗೆ ಕೂತು ಕಾಲಿನ ಕೂದಲು ಬಿಡಿಸಿದೆ. ಬಿಡಲೇ ಬಿಡದ ಒಂದೆರಡು ಗಂಟನ್ನು ಮಾತ್ರ ಕತ್ತರಿಸಿದೆವು. ಬೈಗುಳ ಎಂದಿನಂತೆ ನಡೆದೇ ಇತ್ತು, ನನಗೆ ಅದು ಹಿತವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸುರುಳಿಗಳು ಒಂದೊಂದಾಗಿ ಎದ್ದು ಕೂತವು. ಅತ್ತೆ ಒಂದನ್ನು ಬೆರಳಿಗೆ ಸುತ್ತಿ ಬಿಟ್ಟರು, ಅದು ಮತ್ತೆ ಸುತ್ತಿಕೊಂಡಿತು.

“ನಂದೂ ಹೀಗೇ ಇತ್ತು ಕಣೇ,” ಅಂದರು. “ನಮ್ಮಮ್ಮ ಬೈಕೊಂಡೇ ಬಾಚೋಳು.”

ಸಾಯಂಕಾಲ ವೆಂಕಟೇಶಯ್ಯನವರು ಬಂದರು. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ, ನಾನು ಹೆದರಿದ್ದ ಜಾಗಕ್ಕೆಲ್ಲ ಬೆರಳು ಹಾಕಿ ನೋಡಿದರು. ನಮ್ಮ ಮನೆಯಲ್ಲೂ ಇಷ್ಟು ಚೆನ್ನಾಗಿ ಬಾಚುವವರಿಲ್ಲ, ಯಾರು ಬಾಚಿದ್ದು ಎಂದು ಕೇಳಿದರು. ನಾನು ಬಾಯಿ ತೆರೆದೆ. ನಿಜ ಹೇಳುತ್ತಿದ್ದೆನೋ ಸುಳ್ಳು ಹೇಳುತ್ತಿದ್ದೆನೋ, ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಕ್ವೀನಿ ಹೊಸಿಲು ದಾಟಿ ಒಳಗೆ ಓಡಿ, ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆಯ ಸೆರಗು ಹಿಡಿದು ಎಳೆದುಕೊಂಡೇ ಬಂತು. ವೆಂಕಟೇಶಯ್ಯನವರು ಎದ್ದು ಕೈಮುಗಿದರು. ಕೀಲಿಕೈಯನ್ನು ಅವರ ಮುಂದೆ ಇಟ್ಟು, ಮನೆ ನಿಮ್ಮದು ತಾಯಿ, ನೀವು ಅಲ್ಲಿರುವುದಾದರೆ ಮಾತ್ರ ಎಂದರು.

ಅತ್ತೆ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನನ್ನ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ನಾನು ಕಾಣದ ಒಂದು ನಗೆ ನಕ್ಕರು.

“ನೀವಿಬ್ಬರೂ ಬನ್ನಿ. ಇಕ್ಕಟ್ಟಾದ್ರೆ ಗುಬ್ಬಿ ಇದ್ದೇ ಇದೆಯಲ್ಲ.”

ಪೇಪರಿನ ಹಿಂದೆ ನಮ್ಮೆಜಮಾನರು ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು.

ಹೊಸ ಮನೆಗೆ ಹೋದ ತಿಂಗಳು ಕದರಯ್ಯ ವಿಳಾಸ ಹುಡುಕಿಕೊಂಡು ಹಿತ್ತಲ ಬಾಗಿಲಿಗೆ ಬಂದ. ಅತ್ತೆ ಅವನಿಗೆ ಒಂದು ಲೋಟ ಕಾಫಿ ಕೊಡಿಸಿ, ನಾಯಿಗೇ ಬೇಡ ಅಂದವಳು ನಾನು, ನನಗ್ಯಾಕೆ ಹೇಳು ಎಂದು ವಾಪಸ್ಸು ಕಳಿಸಿದರು. ಗುಬ್ಬಿಯಿಂದ ಭಾವನವರು ಬಂದು ಎಗರಾಡಿದರು. ಅವರಿಗೆ ಉತ್ತರ ಕೊಟ್ಟವಳು ನಾನು, ಅದಕ್ಕೆ ಈ ಬಾಯಿ ಚೆನ್ನಾಗಿ ಉಪಯೋಗಕ್ಕೆ ಬಂತು.

ಅತ್ತೆಯ ಕೂದಲು ಮೊದಲು ಮುಳ್ಳುಮುಳ್ಳಾಗಿ ಬಂತು, ಆಮೇಲೆ ಬೆಳ್ಳಗೆ, ಗುಂಗುರಾಗಿ. ಬಾಚಣಿಗೆ ಹಿಡಿಯುವಷ್ಟು ಬೆಳೆದ ದಿನ ಅತ್ತೆ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತರು. ಸಿಕ್ಕಿಗೆ ಸಿಕ್ಕಿ ಬಾಚಣಿಗೆ ಒಂದು ಸಲ ಎಳೆಯಿತು.

“ತುದಿಯಿಂದ ಕಣೇ,” ಅಂದರು ಅತ್ತೆ. “ನಾಯಿಗಾದ್ರೆ ಚೆನ್ನಾಗಿ ಬಾಚ್ತಿದ್ದೆ.”

ನಾನು ಎಡಗೈಯಲ್ಲಿ ಬುಡವನ್ನು ಒತ್ತಿ ಹಿಡಿದು, ತುದಿಯಿಂದ ಶುರುಮಾಡಿದೆ.